ಹನ್ನೊಂದು ಸೆಕೆಂಡಿನ ಸೈರನ್

ಮೊಬೈಲಿನಲ್ಲಿ ಬಸ್ಸು ಓಡಿಸುವ ಒಂದು ಆಟ ಇದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಆಡುವವರು ಹೆಚ್ಚಾಗಿ ಮಕ್ಕಳಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ದಿನಕ್ಕೆ ಎರಡು ತಾಸು ಕೂರುವವರು, ಅಂಗಡಿ ಕಾಯುವವರು, ಸ್ವತಃ ಡ್ರೈವರುಗಳು. ಆಟ ಮಾಡಿದವರು ಯಾವುದೋ ದೇಶದವರಾದ್ದರಿಂದ ಅದರ ಬಸ್ಸು, ರಸ್ತೆ, ಹಾರನ್ನು ಎಲ್ಲ ಪರದೇಶದವು. ಅವನ್ನು ಕಿತ್ತು ನಮ್ಮ ಕೆಂಪು ಬಸ್ಸು, ನಮ್ಮ ಹಾರನ್ನು ಕೂರಿಸುವವರು ಊರೂರಿನಲ್ಲಿದ್ದಾರೆ. ಹಾಗೆ ಬದಲಿಸಿ ಹಂಚುವುದಕ್ಕೆ ಮಾಡ್ ಅನ್ನುತ್ತಾರೆ. ನನ್ನ ಚಿಕ್ಕಮ್ಮನ ಮಗ ಅಂಥವರಲ್ಲೊಬ್ಬ. ಚನ್ನಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾವಿಬ್ಬರೂ ಒಂದೇ ವಯಸ್ಸಿನವರು.

ನಾನು ರಾಮನಗರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಮೂರು ವರ್ಷದ ಹಿಂದೆ ಒಂದು ದಿನ ಅವನ ಅಂಗಡಿಗೆ ಹೋದಾಗ ಅವನು ತನ್ನ ತಾಪತ್ರಯ ಹೇಳಿಕೊಂಡ.

"ಆಟದಾಗೆ ಪೊಲೀಸ್ ಜೀಪು ಐತೆ ಕಣ್ಲಾ. ಜೀಪು ನಮ್ದೇ ಮಾಡಿವ್ನಿ, ನಂಬರ್ ಪ್ಲೇಟು ಸಮೇತ. ಸೈರನ್ ಮಾತ್ರ ಇಂಗ್ಲಿಷ್ ಪಿಚ್ಚರ್ದು. ನಮ್ ಜೀಪು ಹಂಗೆ ಕೂಗ್ತದಾ?"

"ಇಂಟರ್‌ನೆಟ್ಟಲ್ಲಿ ಸಿಗಲ್ವೇನ್ಲಾ?"

"ಸಿಗ್ತವೆ, ಎಲ್ಲಾ ಫೋನಲ್ಲಿ ಹಿಡ್ದವು. ಒಡಕಲು. ನಿನ್ ತಾವ ಆಫೀಸು ರೆಕಾರ್ಡರ್ ಐತೆ, ದಿನಾ ಮಂತ್ರಿಗಳ ಹಿಂದೆ ಓಡಾಡ್ತೀಯ. ಒಸಿ ಹಿಡ್ಕಂಡು ಬಾ. ನಿನ್ನಿಂದ ಊರಿಗೆ ಅಷ್ಟಾದ್ರೂ ಆಗ್ಲಿ. ಬರೆಯೋದ್ರಿಂದಂತೂ ಏನೂ ಆಗ್ನಿಲ್ಲ."

ಒಪ್ಪಿದೆ. ನನಗೂ ಅದು ಹಿಡಿಸಿತ್ತು. ಬೆಂಗಾವಲು ಜೀಪಿನ ಸೈರನ್ನನ್ನು ದಿನವೂ ಕೇಳುತ್ತಿದ್ದರೂ ಅದು ಹೇಗೆ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಅವಕಾಶ ಬೇಗನೆ ಬಂತು. ಚನ್ನಪಟ್ಟಣದಲ್ಲಿ ಮಂತ್ರಿಯೊಬ್ಬರ ಕಾರ್ಯಕ್ರಮವಿತ್ತು, ಅವರು ಮೈಸೂರು ಕಡೆಯಿಂದ ಹಳೆ ಹೆದ್ದಾರಿಯಲ್ಲಿ ಬರುವವರಿದ್ದರು. ನಾನು ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಬೈಕಿನಲ್ಲಿ ಚನ್ನಪಟ್ಟಣ ದಾಟಿ ದೊಡ್ಡಮಳೂರು ಗೇಟಿನ ಹತ್ತಿರ ಹೋಗಿ ನಿಂತೆ. ಅಲ್ಲಿ ರಸ್ತೆ ನೇರ, ಮನೆಗಳು ಒಳಗೆ, ಶಬ್ದ ಶುದ್ಧವಾಗಿ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ನಾನು ಹೋಗುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟಿದ್ದ ಒಂದು ಗೂಡ್ಸ್ ಆಟೊ, ರಸ್ತೆ ಬದಿಯಲ್ಲಿ ನಿಂತಿದ್ದ ಟ್ರಾಕ್ಟರಿಗೆ ಗುದ್ದಿತ್ತು. ಚೀಲ ಒಡೆದು ಗೂಡು ರಸ್ತೆ ತುಂಬ ಚೆಲ್ಲಿತ್ತು. ನಾನು ಬೈಕು ನಿಲ್ಲಿಸಿದೆ. ಅಷ್ಟರಲ್ಲಿ ದೂರದಲ್ಲಿ ಸೈರನ್ ಕೇಳಿಸಿತು. ಮೊದಲು ಸೈರನ್ ಹಿಡಿಯೋಣ, ಆಮೇಲೆ ಅಪಘಾತ ನೋಡೋಣ ಎಂದುಕೊಂಡೆ. ಹೀಗೇ ಅಂದುಕೊಂಡೆ, ಅದನ್ನು ಬೇರೆ ರೀತಿ ಹೇಳಲು ಆಗುವುದಿಲ್ಲ. ರೆಕಾರ್ಡರ್ ಚಾಲೂ ಮಾಡಿದೆ.

ರಸ್ತೆಯ ಮೇಲೆ ಜನ ಇದ್ದುದರಿಂದ ಮುಂದಿನ ಜೀಪು ಅಲ್ಲಿಯೇ ನಿಧಾನವಾಗಿ ನಿಂತಿತು. ಸೈರನ್ ಆರಿಸಲಿಲ್ಲ. ನಾನು ಜೀಪಿನಿಂದ ಆರೇಳು ಹೆಜ್ಜೆ ದೂರದಲ್ಲಿ ಅದಕ್ಕೆ ಮುಖ ಮಾಡಿ ನಿಂತು ಕೈ ಚಾಚಿದ್ದೆ. ಅಪಘಾತ ನನ್ನ ಬೆನ್ನ ಹಿಂದೆ. ಯಾರೋ ಓಡಿ ಬಂದು ಜೀಪಿನ ಬಾಗಿಲು ಬಡಿದು, "ಸಾ, ಒಸಿ ಜೀಪಲ್ಲಿ ಹಾಕ್ಕಳ್ಳಿ ಸಾ," ಅಂದರು. ಒಳಗಿನಿಂದ, "ಆಂಬುಲೆನ್ಸ್ ಬತ್ತಾ ಐತೆ, ದಾರಿ ಬುಡ್ರಿ," ಎಂದು ಉತ್ತರ ಬಂತು. ಪೊಲೀಸರು ಇಳಿದು ಜನರನ್ನು ಅತ್ತ ಇತ್ತ ಸರಿಸಿದರು. ಜೀಪು ಹೊರಟಿತು, ಹಿಂದೆ ಕಾರುಗಳು ಗೂಡಿನ ಮೇಲೆ ಹಾದುಹೋದವು. ಒಟ್ಟು ನಾಲ್ಕು ನಿಮಿಷ.

ರೆಕಾರ್ಡರ್ ಜೇಬಿಗಿಟ್ಟು ತಿರುಗಿದೆ. ಆಟೊ ನೆರಳಿನಲ್ಲಿ ಒಬ್ಬ ಯುವಕ ಮಲಗಿದ್ದ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಬದುಕಿದ್ದಾನೋ ಇಲ್ಲವೋ ನಾನು ಹತ್ತಿರ ಹೋಗಿ ನೋಡಲಿಲ್ಲ. ಮಂತ್ರಿಯ ಭಾಷಣ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಸಂಜೆ ಐದಕ್ಕೆ ಠಾಣೆಗಳಿಗೆ ಒಂದೊಂದಾಗಿ ಫೋನ್ ಮಾಡುತ್ತೇವೆ. ಅಲ್ಲಿನ ರೈಟರ್, ಅಂದರೆ ಠಾಣೆಯ ಕಾಗದಪತ್ರ ಬರೆಯುವ ಪೊಲೀಸ್, ಆ ದಿನದ ಅಪರಾಧ, ಅಪಘಾತ ಓದಿ ಹೇಳುತ್ತಾನೆ. ಸಾವು ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ ಎಂಬುದನ್ನು ಅವನು ಹೇಳಿದಂತೆಯೇ ಬರೆಯಬೇಕು. ವರದಿಗಾರ ತನ್ನ ಕಣ್ಣಿನಿಂದ ಕಂಡದ್ದನ್ನು ಅದಕ್ಕೆ ಸೇರಿಸಬಾರದು. ನಾಳೆ ಯಾರಾದರೂ ಕೇಳಿದರೆ ತೋರಿಸಲು ಠಾಣೆಯ ಕಾಗದ ಇರುತ್ತದೆ, ನಮ್ಮ ಕಣ್ಣಿಗೆ ಕಾಗದವಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ಇದನ್ನು ಕಲಿಸಿದ್ದರು. ನಾನು ಅದನ್ನು ಎಂದೂ ಮೀರಿರಲಿಲ್ಲ.

ಅಂದು ರೈಟರ್ ಹೇಳಿದ: ಬೈರಾಪಟ್ಟಣದವನು, ಇಪ್ಪತ್ತಾರು ವರ್ಷ, ಸ್ಪಾಟ್ ಡೆತ್ತು. ನಾನು, ಚಾಲಕ ಸ್ಥಳದಲ್ಲೇ ಮೃತಪಟ್ಟಿದ್ದಾರೆ, ಜೊತೆಗಿದ್ದ ಅಕ್ಕನಿಗೆ ಸಣ್ಣಪುಟ್ಟ ಗಾಯಗಳಾಗಿವೆ ಎಂದು ಐದು ಸಾಲು ಬರೆದೆ. ಅದೇ ಸಂಜೆ ರೆಕಾರ್ಡಿಂಗನ್ನು ಚಿಕ್ಕಮ್ಮನ ಮಗನಿಗೆ ಕಳಿಸಿದೆ. ಕಚೇರಿಯ ಅಭ್ಯಾಸದಂತೆ ಫೈಲಿಗೆ ಜಾಗ ಮತ್ತು ವಸ್ತುವಿನ ಹೆಸರಿಟ್ಟಿದ್ದೆ: ದೊಡ್ಡಮಳೂರು ಗೇಟ್, ಜೀಪ್. ಪೂರ್ತಿ ಕೇಳಲಿಲ್ಲ. ಶುರುವಿನ ಹತ್ತು ಸೆಕೆಂಡು ಕೇಳಿ, ಚೆನ್ನಾಗಿ ಬಂದಿದೆ ಎಂದು ಕಳಿಸಿಬಿಟ್ಟೆ.

ಅವನು ಆ ನಾಲ್ಕು ನಿಮಿಷದಲ್ಲಿ ಹನ್ನೊಂದು ಸೆಕೆಂಡು ಆಯ್ದುಕೊಂಡ. ಸೈರನ್ ಒಮ್ಮೆ ಏರಿ, ಪೂರ್ತಿ ಇಳಿದು, ಮತ್ತೆ ಏರುವಷ್ಟು. ಆ ತುಂಡಿನ ಬಾಲವನ್ನು ತಲೆಗೆ ಸೇರಿಸಿದರೆ ಆಟದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂಗುತ್ತದೆ. ನಾನಿಟ್ಟ ಹೆಸರನ್ನೂ ಅವನು ಬದಲಿಸಲಿಲ್ಲ. ಆಟದಲ್ಲಿ ಸೈರನ್ ಆರಿಸಿಕೊಳ್ಳುವ ಪಟ್ಟಿಯಲ್ಲಿ "ದೊಡ್ಡಮಳೂರು ಗೇಟ್ ಜೀಪ್, ಒರಿಜಿನಲ್" ಎಂದು ಹಾಕಿದ. ಊರಿನ ಹೆಸರಿದ್ದರೆ ಜನ ನಂಬುತ್ತಾರೆ ಎಂಬುದು ಅವನ ಅನುಭವ. ನಂಬಿದರು. ಕೆಲವೇ ತಿಂಗಳಲ್ಲಿ ಮಾಗಡಿ ಬಸ್ ನಿಲ್ದಾಣದಲ್ಲಿ, ಕನಕಪುರದ ಹೋಟೆಲಿನಲ್ಲಿ, ಯಾರದೋ ಫೋನಿನಲ್ಲಿ ಆ ಸೈರನ್ ನನ್ನ ಕಿವಿಗೆ ಬೀಳತೊಡಗಿತು. ನನ್ನ ಹೆಸರಿನಲ್ಲಿ ಬಂದ ಯಾವ ಸುದ್ದಿಯೂ ಅಷ್ಟು ದೂರ ಹೋಗಿರಲಿಲ್ಲ. ಹೆಮ್ಮೆಪಟ್ಟೆ.

ಎರಡೂವರೆ ವರ್ಷ ಕಳೆದ ಮೇಲೆ ಒಬ್ಬಾತ ನನ್ನ ಕಚೇರಿಗೆ ಬಂದ. ಬಿಡದಿಯ ಕಾರ್ಖಾನೆಯೊಂದರ ಸಮವಸ್ತ್ರದಲ್ಲಿದ್ದ, ಪಾಳಿ ಮುಗಿಸಿ ನೇರ ಬಂದಂತಿತ್ತು. ಮಾಡ್ ಮಾಡಿದವನ ಅಂಗಡಿಯ ಹೆಸರು ಆಟದ ಬಸ್ಸಿನ ಹಿಂದಿನ ಗಾಜಿನ ಮೇಲೆ ಇರುತ್ತದೆ. ಅದನ್ನು ಹಿಡಿದು ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿಂದ ನನ್ನನ್ನು ಹುಡುಕಿಕೊಂಡು ಬಂದಿದ್ದ. ದೊಡ್ಡಮಳೂರಿನಲ್ಲಿ ಸತ್ತ ಯುವಕನ ಅಕ್ಕನ ಗಂಡ ಅವನು.

"ಸೈರನ್ ಇಳೀತದಲ್ಲ ಸಾರ್, ಆಗ ಒಂದು ಹೆಣ್ಣು ದನಿ ಬತ್ತದೆ. ಏಳ್ಲಾ, ಏಳ್ಲಾ ಅಂತ. ಅದು ನನ್ನೆಂಡ್ತಿ," ಅಂದ.

ನಾನು ಕುರ್ಚಿ ತೋರಿಸಿದೆ. ಅವನು ಕೂರದೆ ಮುಂದುವರಿಸಿದ.

"ನಮ್ ಕಂಪನಿ ಬಸ್ಸಲ್ಲಿ ನಲವತ್ತು ಜನ. ಅದ್ರಲ್ಲಿ ಎಂಟತ್ತು ಜನದ ಫೋನ್ನಾಗೆ ನನ್ನೆಂಡ್ತಿ ಅಳ್ತಾವಳೆ. ನಾನು ಪಕ್ಕದಲ್ಲಿ ಕೂತಿರ್ತೀನಿ. ಅವ್ರಿಗೇನು ಗೊತ್ತು? ಅವಳಿಗಿನ್ನೂ ಗೊತ್ತಿಲ್ಲ. ಅವಳ ಕಿವಿಗೆ ಬೀಳೋಕೆ ಮುಂಚೆ ತೆಗ್ಸಿಬುಡಿ ಸಾರ್. ಮೊದ್ಲೇ ಅವಳಿಗೆ ತಲೆ ಸರಿ ಇಲ್ಲ ಅಂತ ಔಷಧಿ ಕೊಡಿಸ್ತಾ ಇವ್ನಿ."

ಅವನೆದುರಿಗೇ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿಂದ ಬಂದ ಉತ್ತರ ಇದು: "ನಂಗೆ ಆಗ್ಲೇ ಕೇಳ್ಸಿತ್ತು ಕಣ್ಲಾ. ಯಾರ್ದೋ ಗಲಾಟೆ ಅಂತ ಬುಟ್ಟೆ. ಹಿಂದೆ ಜನ ಇದ್ರೆ ಒರಿಜಿನಲ್ ಅನ್ಸ್ತದೆ."

ಬೈದೆ. ಅವನು ಎರಡೇ ದಿನದಲ್ಲಿ ಬೇರೆ ಸೈರನ್ ಹಾಕಿ ಮಾಡ್ ಹೊಸದಾಗಿ ಬಿಟ್ಟ, ಹಳೆಯದನ್ನು ಎಲ್ಲ ಕಡೆ ಕಿತ್ತುಹಾಕಿದ, ಅವನಿಂದ ನಕಲು ಮಾಡಿಕೊಂಡಿದ್ದ ಏಳೆಂಟು ಜನರಿಗೂ ಹೇಳಿ ತೆಗೆಸಿದ. ತನ್ನ ಕಂಪ್ಯೂಟರಿನಲ್ಲಿದ್ದ ಮೂಲವನ್ನೂ ಉಳಿಸಲಿಲ್ಲ. ಕಾರ್ಖಾನೆಯಾತ ಅಂದು ಹೊರಡುವಾಗ, "ನಿಮ್ ತಾವ ಇರೋದು?" ಎಂದು ಕೇಳಿದ್ದ. ನಾನು ರೆಕಾರ್ಡಿಂಗನ್ನು ತೆರೆದು ತೋರಿಸಿ ಅವನ ಕಣ್ಣೆದುರಿಗೇ ಅಳಿಸಿದೆ. ಆಗಲೂ ಪೂರ್ತಿ ಕೇಳಲಿಲ್ಲ. ಕೇಳದೆ ಅಳಿಸುವುದೇ ಮರ್ಯಾದೆ ಎಂದು ನನಗೆ ತೋರಿತ್ತು. ಅವನು ಕೈಮುಗಿದು ಹೋದ.

ಹತ್ತು ಹನ್ನೆರಡು ದಿನದ ನಂತರ ಅವನ ಹೆಂಡತಿಯೇ ಬಂದಳು, ಒಬ್ಬಳೇ, ರೈಲಿನಲ್ಲಿ. ಎಲ್ಲ ಕಡೆ ತೆಗೆಸಿಯಾಯಿತಲ್ಲ ಎಂದು ಗಂಡ ಸಮಾಧಾನಕ್ಕೆ ಎಲ್ಲ ಹೇಳಿದ್ದ. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿತ್ತು, ಅದರಲ್ಲಿ ನನ್ನ ಐದು ಸಾಲಿನ ಸುದ್ದಿ. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಅಂಟು ಪಟ್ಟಿ ಹಾಕಿದ್ದರು.

"ಇದ ಬರ್ದೋರು ನೀವೇನಾ?"

"ಹೌದಮ್ಮ."

"ಅಲ್ಲಿ ನಿಂತಿದ್ದೋರೂ ನೀವೇನಾ? ಕೈಯಾಗೆ ಕರೀದೇನೋ ಹಿಡ್ಕಂಡು, ನಮ್ಗೆ ಬೆನ್ನು ಮಾಡ್ಕಂಡು?"

ಹೌದೆಂದೆ. ಅವಳು ಕೂತಳು. ಏರಿದ ದನಿಯಲ್ಲಿ ಮಾತಾಡಲಿಲ್ಲ.

"ಅವ್ನು ನನ್ನ ಕೂಗ್ದ. ಅಕ್ಕಾ ಅಂದ. ಒಂದ್ಸಲ ಅಲ್ಲ. ಜೀಪು ಬಂದಾಗ್ಲೂ ಜೀವ ಇತ್ತು, ಹೋದ್ಮೇಲೂ ಒಸಿ ಹೊತ್ತು ಇತ್ತು. ನಾನು ಅವತ್ತೇ ಮನೇಲಿ ಹೇಳ್ದೆ. ಇಲ್ಲ ಕಣವ್ವ, ಜಾಗದಲ್ಲೇ ಹೋಗವ್ನೆ, ನಿಂಗೆ ಏಟು ಬಿದ್ದು ಹಂಗೆ ಕೇಳ್ಸದೆ ಅಂದ್ರು. ನಾನು ಬುಡ್ನಿಲ್ಲ. ಆಗ ಇದ ತಂದು ಮುಂದಿಟ್ರು. ಪೇಪರ್ನಾಗೇ ಬಂದದೆ, ಓದ್ಕೊ ಅಂದ್ರು. ಯಂತ್ರ ಕಟ್ಸಿದ್ರು, ಮಾತ್ರೆ ನುಂಗ್ಸಿದ್ರು. ಈಗ್ಲೂ ನುಂಗ್ತಾ ಇವ್ನಿ. ಒಂದೊಂದು ದಿನ ನಂಗೇ ಅನ್ಸ್ತದೆ, ಕೂಗ್ಲೇ ಇಲ್ವೇನೋ ಅಂತ."

ಕವರನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು: "ನಂಗೆ ಬೇರೇನೂ ಬ್ಯಾಡ. ನನ್ ದನಿ ಇತ್ತಂತಲ್ಲ ಅದ್ರಲ್ಲಿ, ಅವ್ನ ದನಿ ಇತ್ತಾ ಇಲ್ವಾ? ಅಷ್ಟು ಹೇಳ್ಬುಡಿ."

ನನಗೆ ಗೊತ್ತಿರಲಿಲ್ಲ. ಆ ನಾಲ್ಕು ನಿಮಿಷವನ್ನು ನಾನು ಒಮ್ಮೆಯೂ ಕೇಳಿಲ್ಲ, ಈಗ ಕೇಳಲು ಅದು ಇಲ್ಲ, ನಾನೇ ಅಳಿಸಿದೆ ಎಂದು ಹೇಳಿದೆ. ಅವಳು ಕವರು ಮಡಚಿದಳು.

"ನಮ್ ಯಜಮಾನ್ರು ಒಳ್ಳೇದು ಮಾಡಕ್ಕೆ ಬಂದಿದ್ರು. ನೀವೂ ಒಳ್ಳೇದೇ ಮಾಡಿದ್ರಿ," ಅಂದಳು.

ಅದಾದ ಮೇಲೆ ನಾನು ಮತ್ತು ನನ್ನ ಚಿಕ್ಕಮ್ಮನ ಮಗ ಹಳೆಯ ಮಾಡ್ ಉಳಿಸಿಕೊಂಡವರನ್ನು ಹುಡುಕಲು ಕೂತೆವು. ಯಾರು ಯಾರಿಗೆ ತೆಗೆಯಿರಿ ಎಂದು ಕೇಳಿಕೊಂಡಿದ್ದೆವೋ ಅವರಿಗೇ ಫೋನ್ ಮಾಡಿ, ಎಲ್ಲಾದರೂ ಇದೆಯೇ ಎಂದು ಕೇಳಿದೆವು. ಕನಕಪುರದವನೊಬ್ಬ ನಕ್ಕ. ಮಾಗಡಿಯವನು, "ನೀವೇ ಅಲ್ವಾ ಸಾರ್ ದಮ್ಮಯ್ಯ ಅಂದಿದ್ದು?" ಅಂದ. ನಮ್ಮ ಜಿಲ್ಲೆಯಲ್ಲಿ ಒಂದು ಮಾತಿಗೆ ಎಲ್ಲರೂ ಒಟ್ಟಿಗೆ ಬೆಲೆ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎಲ್ಲರೂ ತೆಗೆದಿದ್ದರು.

"ನೀನು ಬೈದೆ ಅಂತ ಮೂಲಾನೂ ಅಳಿಸ್ದೆ ಕಣ್ಲಾ," ಅಂದ ಚಿಕ್ಕಮ್ಮನ ಮಗ. "ಬೈಯೋಕೆ ಮುಂಚೆ ಒಂದ್ಸಲ ಕೇಳೋಣ ಅನ್ಬೇಕಿತ್ತು ಒಬ್ರಾದ್ರೂ."

ಕೊನೆಗೆ ಅದು ಸಿಕ್ಕಿದ್ದು ಅವಳ ಗಂಡನ ಬಸ್ಸಿನಲ್ಲೇ. ಅವನ ಸಹೋದ್ಯೋಗಿಯೊಬ್ಬನ ಫೋನಿನಲ್ಲಿ ಜಾಗ ತುಂಬಿಹೋಗಿ, ಹೊಸ ಮಾಡ್ ಇಳಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಸೇರಿದೆವು. ಸಹೋದ್ಯೋಗಿ ಫೋನ್ ಕೊಟ್ಟು, ಏನೆಂದು ಕೇಳದೆ ಬೇರೆ ಮೇಜಿಗೆ ಹೋದ. ಮೂಲೆಯ ಮೇಜಿನಲ್ಲಿ ಗಂಡ, ಹೆಂಡತಿ, ನಾನು.

ಆ ಶಬ್ದವನ್ನು ಬೇರೆಯಾಗಿ ಕೇಳಿಸಲು ಬರುವುದಿಲ್ಲ. ಆಟ ತೆರೆಯಬೇಕು, ಪೊಲೀಸ್ ಜೀಪನ್ನು ಆರಿಸಬೇಕು, ರಸ್ತೆಗೆ ಇಳಿಸಬೇಕು, ಆಮೇಲೆ ಸೈರನ್ ಗುಂಡಿ ಒತ್ತಬೇಕು. ಗಂಡನಿಗೆ ಆಡಿ ಗೊತ್ತಿರಲಿಲ್ಲ. ನಾನೇ ಮಾಡಿದೆ. ಪರದೆಯ ಮೇಲೆ ರಸ್ತೆ ಖಾಲಿಯಾಗಿತ್ತು, ಎರಡು ಬದಿಯಲ್ಲಿ ಒಂದೇ ಥರದ ಮರಗಳು. ಜೀಪು ತನ್ನಷ್ಟಕ್ಕೆ ಹೋಗುತ್ತಿತ್ತು. ಅವಳು ಫೋನನ್ನು ಕಿವಿಯ ಹತ್ತಿರ ಎತ್ತಿದಳು, ನನ್ನ ಹೆಬ್ಬೆರಳು ಪರದೆಯ ಮೇಲೆ ಇದ್ದುದರಿಂದ ನಾನೂ ಬಗ್ಗಬೇಕಾಯಿತು.

ಸೈರನ್ ಏರಿತು, ಇಳಿಯಿತು. ಇಳಿದಲ್ಲಿ ಅವಳ ದನಿ: ಏಳ್ಲಾ, ಏಳ್ಲಾ. ಅದರ ಬಾಲದಲ್ಲಿ, ಮುಂದಿನ ಏರಿಕೆ ನುಂಗುವ ಮೊದಲು, ಒಂದು ಗಂಡು ದನಿ, ಸಣ್ಣಗೆ: ಅಕ್ಕಾ. ಮತ್ತೆ ಏರಿತು. ಹನ್ನೊಂದು ಸೆಕೆಂಡಿಗೆ ಮತ್ತೆ ಅದೇ. ಅವಳು ಐದಾರು ಸುತ್ತು ಕೇಳಿದಳು. ಆಮೇಲೆ ಫೋನನ್ನು ಗಂಡನ ಕಿವಿಗಿಟ್ಟಳು.

"ಕೇಳ್ಸ್ತಾ?"

"ಹೂಂ."

"ಏನು ಕೇಳ್ಸ್ತು? ಬಾಯ್ಬಿಟ್ಟು ಹೇಳಿ."

"ಅಕ್ಕಾ ಅಂದ," ಅಂದ ಅವನು.

ನನ್ನ ಕಡೆ ತಿರುಗಿದಳು. ನಾನೂ ಹೇಳಿದೆ. ಮಾಣಿ ಇಡ್ಲಿ ತಂದಿಟ್ಟು, ಇನ್ನೇನು ಬೇಕು ಎಂದು ಕೇಳಿದ. ಗಂಡ ಮೂರು ಕಾಫಿ ಹೇಳಿದ.

"ಹಂಗಾದ್ರೆ ಬರೀರಿ," ಅಂದಳು. "ಪೇಪರ್ನಲ್ಲಿ. ಜಾಗದಲ್ಲೇ ಹೋಗ್ನಿಲ್ಲ ಅಂತ. ಒಂದು ಲೈನು."

ಮೂರು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿ ಹಾಕುವುದು ಕಷ್ಟ, ಮೊದಲು ಠಾಣೆಯ ಕಾಗದ ಬದಲಾಗಬೇಕು ಎಂದೆ.

"ಅವತ್ತು ಯಾರನ್ನ ಕೇಳಿ ಬರ್ದ್ರಿ?"

"ಠಾಣೆಯನ್ನು."

"ಅವ್ರು ಅಲ್ಲಿ ಇದ್ರಾ? ನೀವಿದ್ರಿ."



ಫೋನಿನ ಪಕ್ಕ ರೆಕಾರ್ಡರ್ ಇಟ್ಟು ಎರಡು ನಿಮಿಷ ಹಿಡಿದುಕೊಂಡೆ. ಆ ತುಂಡನ್ನು ಅವಳ ಫೋನಿಗೆ ಕಳಿಸಿದೆ. ಅದೇ ವಾರ ಅವಳು ಬೈರಾಪಟ್ಟಣಕ್ಕೆ ಹೋಗಿ ತವರಿನವರನ್ನೆಲ್ಲ ಕೂರಿಸಿ ಕೇಳಿಸಿದಳಂತೆ. ಏನಾಯಿತೆಂದು ಗಂಡ ನನಗೆ ಫೋನಿನಲ್ಲಿ ಹೇಳಿದ. ತಾಯಿ ಕೇಳುತ್ತಾ ಕೇಳುತ್ತಾ ಎದ್ದು ಒಳಗೆ ಹೋದರು. ದೊಡ್ಡಪ್ಪ ಇದೆಲ್ಲಿಂದ ತಂದೆ ಎಂದು ಕೇಳಿದರು. ಅವಳು ಸುಳ್ಳು ಹೇಳುವವಳಲ್ಲ, ಎಲ್ಲಿಂದ ಬಂತೆಂದು ಹೇಳಿದಳು.

"ಗೇಮಿಂದು," ಅಂದರಂತೆ ಅವರು. "ಗೇಮಲ್ಲಿ ಯಾರು ಏನು ಬೇಕಾದ್ರೂ ಸೇರುಸ್ತಾರೆ ಕಣವ್ವ. ಪೇಪರ್ನಾಗೆ ಬಂದಿದ್ರೆ ಬೇರೆ ಮಾತು."

ನಾನು ನಮ್ಮ ಬೆಂಗಳೂರಿನ ಡೆಸ್ಕಿಗೆ ಫೋನ್ ಮಾಡಿದೆ. ಸುದ್ದಿ ತಿದ್ದುವ ಹಿರಿಯರು ತಾಳ್ಮೆಯಿಂದ ಕೇಳಿದರು.

"ಎಫ್‌ಐಆರ್ ಏನು ಹೇಳುತ್ತೆ?"

"ಸ್ಥಳದಲ್ಲೇ ಅಂತ."

"ನಿಮ್ಮ ಹತ್ತಿರ ಏನಿದೆ?"

"ಧ್ವನಿ ಇದೆ."

"ಮೂಲ ರೆಕಾರ್ಡಿಂಗಾ?"

"ಅಲ್ಲ. ಒಂದು ಗೇಮ್‌ನಿಂದ ಹಿಡಿದದ್ದು."

ಅವರು ನಗಲಿಲ್ಲ, ಅದು ಅವರ ದೊಡ್ಡತನ. "ನೀವೇ ಈ ಜಾಗದಲ್ಲಿ ಕೂತಿದ್ದರೆ ಹಾಕ್ತಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜ.

ಅವಳು ಮಾತ್ರೆ ನಿಲ್ಲಿಸಿದ್ದಾಳೆ ಎಂದು ಗಂಡ ಹೇಳಿದ. ತವರಿಗೆ ಹೋಗುವುದನ್ನೂ ನಿಲ್ಲಿಸಿದ್ದಾಳೆ.

ಡೆಸ್ಕಿನ ಜೊತೆ ಮಾತಾಡಿದ ದಿನವೂ ಸಂಜೆ ಐದಕ್ಕೆ ಠಾಣೆಗಳಿಗೆ ಫೋನ್ ಮಾಡಿದೆ. ಕನಕಪುರ ರಸ್ತೆಯಲ್ಲಿ ಬೈಕ್ ಸವಾರನೊಬ್ಬ ಸತ್ತಿದ್ದ. ಸ್ಪಾಟ್ ಡೆತ್ತು, ಅಂದ ರೈಟರ್. ನೀವು ನೋಡಿದಿರಾ ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. "ಯಾಕೆ ಸಾರ್, ಏನಾದ್ರೂ ಪ್ರಾಬ್ಲಮ್ಮಾ?" ಅಂದ. ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾರೆ ಎಂದು ಪೊಲೀಸರು ತಿಳಿಸಿದ್ದಾರೆ ಎಂದು ಬರೆದು ಕಳಿಸಿದೆ. ಮರುದಿನ ಪತ್ರಿಕೆ ನೋಡಿದೆ. ಜಾಗ ಸಾಲದೆ ಕೊನೆಯ ಮೂರು ಪದಗಳನ್ನು ತೆಗೆದಿದ್ದರು. ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾರೆ ಎಂದು ಅಚ್ಚಾಗಿತ್ತು.